19 ವಯೋಮಿತಿ ವಿಶ್ವಕಪ್ ಬ್ಯಾಸ್ಕೆಟ್‌ಬಾಲ್: ಗುಂಪಿನಲ್ಲಿ ಗೆದ್ದ ತಂಡ ಆಮೇಲೆ ಎಡವುವುದು ಎಲ್ಲಿ?

ಮಂಡ್ಯ_ಫಾಸ್ಟ್‌ಬ್ರೇಕ್

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಡೆದ 2025ರ ಫೈನಲ್‌ನಲ್ಲಿ ಅಮೆರಿಕ 109, ಜರ್ಮನಿ 76. ಆ ಅಂಕ ನೋಡಿ ಗಂಡುಮಕ್ಕಳ ಈ ಟೂರ್ನಿ ಅಮೆರಿಕದ ಸ್ವಂತ ಆಸ್ತಿ ಎಂದು ಬಹಳ ಜನ ತೀರ್ಮಾನಿಸಿಬಿಟ್ಟಿದ್ದಾರೆ. ಲೆಕ್ಕ ಹಾಗಿಲ್ಲ. 1979ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಶುರುವಾದ ಮೇಲೆ ಇದು 17 ಸಲ ನಡೆದಿದೆ. ಅಮೆರಿಕ ಗೆದ್ದದ್ದು 9 ಸಲ. ಉಳಿದ 8ರಲ್ಲಿ ಯುಗೊಸ್ಲಾವಿಯಾ (1987), ಗ್ರೀಸ್ (1995), ಸ್ಪೇನ್ (1999, 2023), ಆಸ್ಟ್ರೇಲಿಯಾ (2003), ಸರ್ಬಿಯಾ (2007), ಲಿಥುವೇನಿಯಾ (2011), ಕೆನಡಾ (2017) ಇವೆ. 2007ರವರೆಗೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿತ್ತು, 2009ರಿಂದ ಎರಡು ವರ್ಷಕ್ಕೊಮ್ಮೆ.

ಹೊಸಬರಿಗೆ ಚುಟುಕಾಗಿ: 16 ತಂಡ, ನಾಲ್ಕರಂತೆ ನಾಲ್ಕು ಗುಂಪು. ಗುಂಪಿನಲ್ಲಿ ಪ್ರತಿ ತಂಡಕ್ಕೆ 3 ಪಂದ್ಯ. ಆಮೇಲೆ ಯಾರೂ ಮನೆಗೆ ಹೋಗುವುದಿಲ್ಲ, 16 ತಂಡಗಳೂ ನಾಕೌಟ್‌ಗೆ ಬರುತ್ತವೆ. ಸೋತವರಿಗೆ 9ರಿಂದ 16, 5ರಿಂದ 8 ಸ್ಥಾನಗಳಿಗೆ ಬೇರೆ ಪಂದ್ಯಗಳಿರುತ್ತವೆ. ಹಾಗಾಗಿ ಗೆದ್ದವರಿಗೂ ಸೋತವರಿಗೂ ಒಟ್ಟು 7 ಪಂದ್ಯ, 9 ದಿನದಲ್ಲಿ.

ಟೂರ್ನಿಯ ಫಲಿತಾಂಶ ತೀರ್ಮಾನವಾಗುವುದು ಈ "9 ದಿನ, 7 ಪಂದ್ಯ"ದಲ್ಲಿ ಮತ್ತು ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದ ಸಣ್ಣ ಸಣ್ಣ ಕಲಮುಗಳಲ್ಲಿ ಎಂಬುದು ನನ್ನ ವಾದ. ಎತ್ತರ, ಜಿಗಿತ ಎಲ್ಲ ಆಮೇಲೆ. ಒಪ್ಪದವರು ಬಿಡಿಸಿ ಬರೆಯಿರಿ. ಗೊತ್ತಿರುವವರು ಲೆಕ್ಕ ಸಮೇತ ಹೇಳಿದರೆ ಕಾಲೇಜು ಹುಡುಗರಿಗೆ, ಅವರ ಕೋಚ್‌ಗಳಿಗೆ ಉಪಯೋಗ.

ಮಲ್ಲೇಶ್ವರಂ_ಪಾಯಿಂಟ್‌ಗಾರ್ಡ್

16ಕ್ಕೆ 16 ತಂಡವೂ ಮುಂದೆ ಹೋಗುವುದಾದರೆ ಗುಂಪಿನ ಪಂದ್ಯಗಳಿಗೆ ಅರ್ಥವೇನು ಸರ್? ಮೂರೂ ಸೋತರೂ ನಾಕೌಟ್ ಸಿಗುತ್ತದಲ್ಲ?

ಸ್ಕೋರ್‌ಟೇಬಲ್_ಬುಕ್

ಸಿಗುತ್ತದೆ, ಆದರೆ ಎದುರಾಳಿ ಯಾರು ಎಂಬುದು ಬದಲಾಗುತ್ತದೆ. ಎ ಗುಂಪು ಬಿ ಜೊತೆ, ಸಿ ಗುಂಪು ಡಿ ಜೊತೆ ಅಡ್ಡ ಸೇರುತ್ತವೆ. ಎ1ಕ್ಕೆ ಬಿ4, ಎ2ಕ್ಕೆ ಬಿ3, ಎ3ಕ್ಕೆ ಬಿ2, ಎ4ಕ್ಕೆ ಬಿ1. ಎರಡನೇ ಸ್ಥಾನಕ್ಕೂ ಮೂರನೇ ಸ್ಥಾನಕ್ಕೂ ನಡುವಿನ ವ್ಯತ್ಯಾಸ ಅನೇಕ ಸಲ ಎಂಟರ ಘಟ್ಟಕ್ಕೆ ಹೋಗುವುದಕ್ಕೂ 9–16ರ ಸಾಲಿಗೆ ಬೀಳುವುದಕ್ಕೂ ಇರುವ ವ್ಯತ್ಯಾಸ.

ಗೆಲುವಿಗೆ 2 ಅಂಕ, ಸೋಲಿಗೆ 1, ಕಣಕ್ಕಿಳಿಯದೆ ಬಿಟ್ಟುಕೊಟ್ಟರೆ 0. ಎರಡು-ಮೂರು ತಂಡ ಸಮ ಬಂದಾಗ ಬಹಳ ಜನ ಒಟ್ಟು ಅಂಕವ್ಯತ್ಯಾಸ ನೋಡುತ್ತಾರೆ. ಅದು ತಪ್ಪು. ಫೀಬಾ ಮೊದಲು ನೋಡುವುದು ಸಮ ಬಂದ ತಂಡಗಳು ತಮ್ಮತಮ್ಮಲ್ಲೇ ಆಡಿದ ಪಂದ್ಯಗಳನ್ನು ಮಾತ್ರ: ಅವುಗಳ ಸೋಲು-ಗೆಲುವು, ಆಮೇಲೆ ಅವುಗಳಲ್ಲಿನ ಅಂಕವ್ಯತ್ಯಾಸ, ಆಮೇಲೆ ಅವುಗಳಲ್ಲಿ ಹೊಡೆದ ಅಂಕ. ಇಷ್ಟಾದರೂ ಬಗೆಹರಿಯದಿದ್ದರೆ ಮಾತ್ರ ಗುಂಪಿನ ಎಲ್ಲ ಪಂದ್ಯಗಳ ವ್ಯತ್ಯಾಸ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ತಂಡಗಳು ಕಾಲ್ಪನಿಕ. ಅ, ಬ, ಕ ಮೂರೂ ಡ ತಂಡವನ್ನು ಸೋಲಿಸಿವೆ. ಅ ತಂಡ ಬ ಮೇಲೆ 75–70, ಬ ತಂಡ ಕ ಮೇಲೆ 80–68. ಕೊನೆಯ ಪಂದ್ಯ ಕ–ಅ. ಅದನ್ನು ಕ ತಂಡ 66–62ರಿಂದ ಗೆದ್ದಿತು ಎನ್ನಿ. ಮೂವರಿಗೂ ತಲಾ 5 ಅಂಕ. ಒಳಗಿನ ವ್ಯತ್ಯಾಸ: ಅ ತಂಡಕ್ಕೆ +5 –4, ಅಂದರೆ +1. ಬ ತಂಡಕ್ಕೆ –5 +12, ಅಂದರೆ +7. ಕ ತಂಡಕ್ಕೆ –12 +4, ಅಂದರೆ –8. ಕ್ರಮ ಬ, ಅ, ಕ. ಕೊನೆಯ ಪಂದ್ಯ ಗೆದ್ದು ಕುಣಿದ ಕ ತಂಡ ಮೂರನೆಯದು! ಅ ತಂಡ ಡ ಮೇಲೆ 40 ಅಂಕದಿಂದ ಗೆದ್ದಿದ್ದರೂ ಇಲ್ಲಿ ಅದಕ್ಕೆ ಬೆಲೆ ಇಲ್ಲ.

ಕ ತಂಡದ ಕೋಚ್ ಪಂದ್ಯಕ್ಕೆ ಮೊದಲೇ ಈ ಲೆಕ್ಕ ಕಾಗದದಲ್ಲಿ ಬರೆದಿಟ್ಟುಕೊಂಡಿರಬೇಕು. 8ರ ಅಂತರದಲ್ಲಿ ಗೆದ್ದರೆ ಕ ತಂಡಕ್ಕೆ –4, ಅ ತಂಡಕ್ಕೆ –3, ಸಾಲದು. 9 ಬಂದರೆ –3 ಮತ್ತು –4, ಎರಡನೇ ಸ್ಥಾನ. 20 ಬಂದರೆ +8, ಮೊದಲ ಸ್ಥಾನ. ಅಂದರೆ ಕೊನೆಯ ನಿಮಿಷದಲ್ಲಿ 6 ಅಂಕ ಮುಂದಿದ್ದಾಗ ಚೆಂಡು ಹಿಡಿದುಕೊಂಡು ಸಮಯ ಕಳೆಯುವುದು ಕ ತಂಡಕ್ಕೆ ನಷ್ಟ, ಮೂರು ಪಾಯಿಂಟಿನ ಹೊಡೆತ ಹುಡುಕಬೇಕು. ಅ ತಂಡಕ್ಕೋ 8ರ ಅಂತರದಲ್ಲಿ ಸೋತರೂ ಎರಡನೇ ಸ್ಥಾನ ಉಳಿಯುತ್ತದೆ. ಅವರು ಕೊನೆಯಲ್ಲಿ ಫೌಲ್ ಮಾಡುತ್ತ ಹೋದರೆ ಎದುರಾಳಿಗೆ ಫ್ರೀ ಥ್ರೋ (ಯಾರೂ ತಡೆಯದ, ತಲಾ ಒಂದು ಅಂಕದ ಹೊಡೆತ) ಕೊಟ್ಟು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತೆ.

ಹುಬ್ಬಳ್ಳಿ_ಬೋರ್ಡರ್

ಭಾಳ ಚಲೋ ಬಿಡಿಸಿ ಹೇಳೀರಿ. ಒಂದು ಮಾತು ಸೇರಸ್ತೀನ್ರಿ. ಅಂತರ ಬೇಕಂತ ಕೆಲವರು "ನಮ್ಮ ಬುಟ್ಟಿಗೇ ನಾವು ಹಾಕಿ ಪಂದ್ಯ ಸಮ ಮಾಡೂಣು, ಓವರ್‌ಟೈಮ್‌ನ್ಯಾಗ ಅಂತರ ಹೆಚ್ಚು ಮಾಡೂಣು" ಅಂತಾರ. ಅದು ನಡೆಯಂಗಿಲ್ಲ. ಬೇಕಂತಲೇ ತನ್ನ ಬುಟ್ಟಿಗೆ ಹಾಕಿದ್ರ ಅದು ವಯಲೇಷನ್, ಅಂಕ ಎಣಿಸಂಗಿಲ್ಲ, ಚೆಂಡು ಎದುರಾಳಿಗೆ ಹೋಗ್ತೈತಿ.

ಇನ್ನ ಕ್ಲಿಪ್‌ಬೋರ್ಡ್ ಸರ್ ಈ 7 ಪಂದ್ಯದ ದಣಿವಿನ ಲೆಕ್ಕ ಹೇಳ್ಬೇಕು. ನಮ್ಮ ಕಡೆ ಟೂರ್ನಿಯೊಳಗ ಐದು ಮಂದಿನ್ನ ಹಾಕಿ ಕೊನೀತನಕ ಆಡ್ಸೋ ಚಟ ಇನ್ನೂ ಹೋಗಿಲ್ಲ.

ಕ್ಲಿಪ್‌ಬೋರ್ಡ್

ಒಂದು ಪಂದ್ಯ 40 ನಿಮಿಷ, ಕಣದಲ್ಲಿ 5 ಜನ. ಒಟ್ಟು 200 ಆಟಗಾರ-ನಿಮಿಷ. 7 ಪಂದ್ಯಕ್ಕೆ 1,400. 12 ಜನರ ತಂಡ, ಸಮವಾಗಿ ಹಂಚಿದರೆ ಒಬ್ಬರಿಗೆ ಪಂದ್ಯಕ್ಕೆ 16–17 ನಿಮಿಷ. ಯಾರೂ ಹಾಗೆ ಹಂಚುವುದಿಲ್ಲ, ಹಂಚಬೇಕಾಗಿಯೂ ಇಲ್ಲ. ಆದರೆ ಮೊದಲ ಐದು ಜನರಿಗೆ ತಲಾ 34 ನಿಮಿಷ ಕೊಟ್ಟರೆ 170 ಖಾಲಿ. ಉಳಿದ 7 ಜನರಿಗೆ 30 ನಿಮಿಷ, ತಲಾ ನಾಲ್ಕು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಬೆವರೇ ಬರುವುದಿಲ್ಲ.

ವೇಳಾಪಟ್ಟಿ ಗಮನಿಸಿ: ಎರಡು ಪಂದ್ಯ, ಒಂದು ದಿನ ಬಿಡುವು, ಎರಡು ಪಂದ್ಯ, ಒಂದು ದಿನ ಬಿಡುವು, ಆಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರು ದಿನ ಸಾಲಾಗಿ. ಕಾಲು ಸೋಲುವುದು ಈ ಕೊನೆಯ ಮೂರು ದಿನದಲ್ಲಿ. ಮೊದಲು ಕಾಣುವ ಲಕ್ಷಣ ಓಟದ ವೇಗವಲ್ಲ. ಫ್ರೀ ಥ್ರೋ ರಿಂಗಿನ ಮುಂಭಾಗಕ್ಕೆ ಬಡಿಯತೊಡಗುತ್ತದೆ, ಅಂದರೆ ಮಂಡಿಯಿಂದ ಬಲ ಬರುತ್ತಿಲ್ಲ. ಆಮೇಲೆ ಡಿಫೆನ್ಸ್‌ನಲ್ಲಿ ಪಕ್ಕಕ್ಕೆ ಸರಿಯುವ ಬದಲು ಕೈ ಚಾಚುವುದು ಶುರುವಾಗುತ್ತದೆ. ಕೈ ಚಾಚಿದರೆ ಫೌಲ್. ಒಂದು ಕ್ವಾರ್ಟರ್‌ನಲ್ಲಿ ತಂಡಕ್ಕೆ 4 ಫೌಲ್ ಆದ ಮೇಲೆ ಐದನೆಯದರಿಂದ ಎದುರಾಳಿಗೆ 2 ಫ್ರೀ ಥ್ರೋ.

ನನ್ನ ಲೆಕ್ಕದಲ್ಲಿ ಗುಂಪಿನ ಹಂತದಲ್ಲಿ ಯಾರಿಗೂ 28 ನಿಮಿಷ ದಾಟಬಾರದು. ಐದು ಜನರಿಗೆ 28ರಂತೆ 140. ಮುಂದಿನ ಮೂವರಿಗೆ 14ರಂತೆ 42. ಉಳಿದ 18 ನಿಮಿಷ ಕೊನೆಯ ನಾಲ್ವರಿಗೆ, ಅದೂ ಎರಡನೇ ಕ್ವಾರ್ಟರ್‌ನ ಮೊದಲ ಅರ್ಧದಲ್ಲಿ, ಪಂದ್ಯ ಇನ್ನೂ ಕೈಯಲ್ಲಿರುವಾಗ. 30 ಅಂಕ ಮುಂದಿದ್ದಾಗ ಇಳಿಸಿದರೆ ಆ ಹುಡುಗರಿಗೆ ಒತ್ತಡದ ಅಭ್ಯಾಸ ಆಗುವುದಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಮುಖ್ಯ ಗಾರ್ಡ್‌ಗೆ (ಚೆಂಡು ನಡೆಸುವವನಿಗೆ) ಮೂರನೇ ಫೌಲ್ (ಐದಾದರೆ ಆಟದಿಂದ ಹೊರಗೆ) ಬಿದ್ದಾಗ ಅವರು ಬೇಕಾಗುತ್ತಾರೆ.

ಬಿಡುವಿನ ದಿನ ಪೂರ್ತಿ ಮಲಗಿಸಬೇಡಿ. 30–40 ನಿಮಿಷ ನಡಿಗೆಯ ವೇಗದಲ್ಲಿ ಸೆಟ್‌ಗಳು (ಮೊದಲೇ ಕಲಿತ ಆಟದ ಯೋಜನೆಗಳು), ತಲಾ 50 ಫ್ರೀ ಥ್ರೋ, ಸ್ಟ್ರೆಚಿಂಗ್. ಅಷ್ಟೇ ಸಾಕು.

ಮಲ್ಲೇಶ್ವರಂ_ಪಾಯಿಂಟ್‌ಗಾರ್ಡ್

ಒಬ್ಬನೇ ಎಳೆದುಕೊಂಡು ಹೋದ ಉದಾಹರಣೆ ಇದೆಯಲ್ಲ? 2017ರಲ್ಲಿ ಕೈರೋದಲ್ಲಿ ಕೆನಡಾದ ಆರ್‌ಜೆ ಬ್ಯಾರೆಟ್ ಸೆಮಿಫೈನಲ್‌ನಲ್ಲಿ ಅಮೆರಿಕದ ಮೇಲೆ 38 ಅಂಕ, 13 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿದದ್ದು).

ಕ್ಲಿಪ್‌ಬೋರ್ಡ್

ಆ ಪಂದ್ಯ 99–87. 38 ಕಳೆದರೆ 61 ಅಂಕ ಬೇರೆಯವರದು. ಬ್ಯಾರೆಟ್ ಒಳಗೆ ನುಗ್ಗಿದಾಗ ಎಲ್ಲರೂ ಅವನ ಮೇಲೆ ಬೀಳದಂತೆ ತಡೆದದ್ದು ಹೊರಗೆ ನಿಂತವರ ಹೊಡೆತದ ಭಯ. ಮರುದಿನ ಫೈನಲ್‌ನಲ್ಲಿ ಇಟಲಿಯನ್ನು 60ಕ್ಕೆ ಕಟ್ಟಿಹಾಕಿ 79–60ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಪೂರ್ತಿ ದಣಿದ ತಂಡಕ್ಕೆ ಮರುದಿನ ಆ ಮಟ್ಟದ ಡಿಫೆನ್ಸ್ ಸಾಧ್ಯವಿಲ್ಲ. ಆ ಕೆನಡಾ ತಂಡದ ಮುಖ್ಯ ಕೋಚ್ ಭಾರತ ಮೂಲದ ರಾಯ್ ರಾಣಾ ಎಂಬುದನ್ನು ನಮ್ಮ ಕೋಚ್‌ಗಳು ನೆನಪಿಡಬೇಕು. ಹುಡುಕಿದರೆ ಅವರ ತಂಡದ ಪಂದ್ಯಗಳು ಇನ್ನೂ ನೋಡಲು ಸಿಗುತ್ತವೆ, ಡಿಫೆನ್ಸ್‌ನಲ್ಲಿ ಯಾರು ಯಾವಾಗ ಬದಲಾಗುತ್ತಾರೆ ಎಂಬುದನ್ನು ಬರೆದುಕೊಳ್ಳುತ್ತ ನೋಡಿ.

ಟೊರೊಂಟೊ_ಕನ್ನಡಿಗ

ಫೀಬಾ ನಿಯಮದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಉತ್ತರ ಅಮೆರಿಕದಲ್ಲಿ ಬೆಳೆದ ಹುಡುಗರು ಈ ಟೂರ್ನಿಗೆ ಹೋದಾಗ ಮೊದಲ ಎರಡು ಪಂದ್ಯ ಅಭ್ಯಾಸಬಲದ ವಿರುದ್ಧ ಹೋರಾಡಬೇಕಾಗುತ್ತದೆ. ನಮ್ಮೂರ ಹುಡುಗರು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿ ಕಲಿಯುವುದರಿಂದ ಅವರಿಗೂ ಇದೇ ತೊಡಕು.

ಟೈಂಔಟ್ ತೆಗೆದುಕೊಳ್ಳಿ. ಫೀಬಾದಲ್ಲಿ ಕಣದಲ್ಲಿರುವ ಆಟಗಾರ ಟೈಂಔಟ್ ಕೇಳುವ ಹಾಗಿಲ್ಲ. ಕೋಚ್ ಅಥವಾ ಮೊದಲ ಸಹಾಯಕ ಕೋಚ್ ಸ್ಕೋರರ್ ಟೇಬಲ್‌ಗೆ ಹೇಳಬೇಕು, ಆಟ ನಿಂತಾಗ ಮಾತ್ರ ಸಿಗುತ್ತದೆ, ಇಲ್ಲವೇ ಎದುರಾಳಿ ಬುಟ್ಟಿ ಹಾಕಿದಾಗ ಅಂಕ ಬಿಟ್ಟುಕೊಟ್ಟವರಿಗೆ ಸಿಗುತ್ತದೆ. ಮೂಲೆಯಲ್ಲಿ ಇಬ್ಬರು ಮುತ್ತಿಕೊಂಡಾಗ ಹುಡುಗ ಕೈಯಿಂದ ಟೈಂಔಟ್ ಸನ್ನೆ ಮಾಡುತ್ತಾನೆ, ರೆಫರಿ ನೋಡುತ್ತ ನಿಂತಿರುತ್ತಾರೆ, ಐದು ಸೆಕೆಂಡ್ ಮುಗಿಯುತ್ತದೆ, ಚೆಂಡು ಎದುರಾಳಿಗೆ. ಮೊದಲ ಅರ್ಧಕ್ಕೆ 2, ಎರಡನೇ ಅರ್ಧಕ್ಕೆ 3 ಟೈಂಔಟ್. ಆ ಮೂರರಲ್ಲಿ ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ ಬಳಸಬಹುದಾದದ್ದು ಎರಡೇ. ಮೂರನ್ನೂ ಕೊನೆಗೆಂದು ಕೂಡಿಟ್ಟರೆ ಒಂದು ಕಳೆದುಹೋಗುತ್ತದೆ.

ಎರಡನೆಯದು ರಿಂಗಿನ ಮೇಲಿನ ಚೆಂಡು. ಎನ್‌ಬಿಎಯಲ್ಲಿ, ಅಮೆರಿಕದ ಕಾಲೇಜಿನಲ್ಲಿ ರಿಂಗಿನ ಮೇಲೆ ಉರುಳುತ್ತಿರುವ ಚೆಂಡನ್ನು ಮುಟ್ಟುವಂತಿಲ್ಲ. ಫೀಬಾದಲ್ಲಿ ಹೊಡೆದ ಚೆಂಡು ಒಮ್ಮೆ ರಿಂಗಿಗೆ ತಾಗಿತೆಂದರೆ ಎರಡೂ ತಂಡದವರು ಮುಟ್ಟಬಹುದು. ಒಳಗೆ ಬೀಳುವ ಹಾಗಿದ್ದರೂ ಪಕ್ಕಕ್ಕೆ ತಟ್ಟಬಹುದು. ಮಾಡಬಾರದ್ದು ಇಷ್ಟು: ಚೆಂಡು ರಿಂಗಿನ ಮೇಲಿರುವಾಗ ರಿಂಗ್ ಅಥವಾ ಬೋರ್ಡ್ ಹಿಡಿಯುವುದು, ಕೆಳಗಿನಿಂದ ಬುಟ್ಟಿಯೊಳಗೆ ಕೈ ತೂರಿಸುವುದು. ಯುರೋಪಿನ ಎತ್ತರದ ಹುಡುಗರು ಇದನ್ನು ಚಿಕ್ಕಂದಿನಿಂದಲೇ ಕಲಿತಿರುತ್ತಾರೆ. ಒಂದು ಪಂದ್ಯದಲ್ಲಿ ಇಂಥ ಎರಡು ಚೆಂಡು ಸಿಕ್ಕರೆ ನಾಲ್ಕು ಅಂಕ. 2021ರಲ್ಲಿ ಲಾಟ್ವಿಯಾದ ರಿಗಾದಲ್ಲಿ ನಡೆದ ಫೈನಲ್ ಮುಗಿದದ್ದು 83–81ಕ್ಕೆ, ಎರಡೇ ಅಂಕದ ಅಂತರದಲ್ಲಿ.

ಹುಬ್ಬಳ್ಳಿ_ಬೋರ್ಡರ್

ಆ ರಿಗಾ ಫೈನಲ್ ಫೌಲ್ ಲೆಕ್ಕಕ್ಕೂ ದೊಡ್ಡ ಪಾಠ ಐತ್ರಿ. ಫ್ರಾನ್ಸಿನ ವಿಕ್ಟರ್ ವೆಂಬನ್ಯಾಮ 22 ಅಂಕ, 8 ರಿಬೌಂಡ್, 8 ಬ್ಲಾಕ್ (ಎದುರಾಳಿ ಹೊಡೆತ ಗಾಳಿಯಾಗ ತಡದದ್ದು). ಅಂಥಾ ಹುಡುಗ ಕೊನೀ ನಿಮಿಷಗಳೊಳಗ ಐದನೇ ಫೌಲ್ ಆಗಿ ಬೆಂಚಿಗೆ ಹೋದ. ಅವ ಹೋದ ಮ್ಯಾಲೆ ಬುಟ್ಟಿ ಕೆಳಗ ಕಾಯೋರು ಯಾರು? ಅಮೆರಿಕ ಎರಡು ಅಂಕದಿಂದ ಗೆದ್ತು. ಚೆಟ್ ಹೋಮ್‌ಗ್ರೆನ್ ಟೂರ್ನಿಯ ಶ್ರೇಷ್ಠ ಆಟಗಾರ ಆದ.

ಎತ್ತರದ ಹುಡುಗನ ಫೌಲ್ ಹೆಂಗ ಉಳಸ್ಬೇಕು ಅಂದ್ರ: ಮೊದಲ ಕ್ವಾರ್ಟರ್‌ನ್ಯಾಗ ಎರಡಾದ್ರ ಕೂಡಸ್ರಿ, ಎರಡನೇ ಕ್ವಾರ್ಟರ್ ಅರ್ಧ ಆದ ಮ್ಯಾಲೆ ಜೋನ್ (ಒಬ್ಬೊಬ್ಬ ಎದುರಾಳಿನ್ನ ಬಿಟ್ಟು ತಮ್ಮ ತಮ್ಮ ಜಾಗಾ ಕಾಯೋದು) ಹಾಕಿ ಒಳಗ ತರ್ರಿ. ಮೂರನೇದು ಮಧ್ಯಂತರಕ್ಕ ಮೊದಲ ಬೀಳಬಾರದು. ಫೌಲ್ ಆಗೋದು ಬ್ಲಾಕ್ ಮಾಡಾಕ ಹೋದಾಗ ಅಂತ ಎಲ್ಲಾರೂ ತಿಳ್ಕೊಂಡಾರ. ಖರೇ ಹೇಳ್ಬೇಕಂದ್ರ ಅರ್ಧಕ್ಕರ್ಧ ಆಗೋದು ಆಫೆನ್ಸ್‌ನ್ಯಾಗ. ಪಿಕ್ ಹಾಕಿ, ಅಂದ್ರ ತನ್ನ ಗಾರ್ಡ್‌ನ ಕಾಯೋನಿಗೆ ಅಡ್ಡ ನಿಂತಾಗ ಗಾರ್ಡ್ ಇನ್ನೂ ದಾಟಿರಂಗಿಲ್ಲ, ಇವ ಸೊಂಟ ತಿರುಗಿಸಿ ಬುಟ್ಟಿ ಕಡೆ ರೋಲ್‌ಗೆ ಹೊಂಟಿರ್ತಾನ. ಅದು ಇಲ್ಲೀಗಲ್ ಸ್ಕ್ರೀನ್. ಎದುರಾಳಿ ಎದಿ ತನ್ನ ಎದಿಗೆ ತಾಗೋವರೆಗೂ ಎರಡೂ ಕಾಲು ನೆಲಕ್ಕ ಇರಬೇಕು. ತಾಗಿದ ಮ್ಯಾಲೆ ತಿರುಗಲಿ.

ಸ್ಕೋರ್‌ಟೇಬಲ್_ಬುಕ್

ಗಡಿಯಾರದ ತಪ್ಪುಗಳನ್ನೂ ಸೇರಿಸಿಕೊಳ್ಳಿ, ಟೇಬಲ್ ಕಡೆಯಿಂದ ದಿನಾ ಕಾಣುವಂಥವು. ಎದುರಾಳಿಯ ಕೈತಾಗಿ ಚೆಂಡು ಹೊರಗೆ ಹೋದರೆ ಅರ್ಧಗೆರೆ ದಾಟಲು ಇರುವ 8 ಸೆಕೆಂಡ್ ಹೊಸದಾಗಿ ಶುರುವಾಗುವುದಿಲ್ಲ, ಬುಟ್ಟಿಗೆ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರವೂ ಮೊದಲಿನಿಂದ ಬರುವುದಿಲ್ಲ. ಉಳಿದದ್ದೇ ಮುಂದುವರಿಯುತ್ತದೆ. ಆಫೆನ್ಸಿವ್ ರಿಬೌಂಡ್ (ತಮ್ಮದೇ ತಪ್ಪಿದ ಹೊಡೆತ ತಮಗೇ) ಸಿಕ್ಕರೆ 14 ಸೆಕೆಂಡ್. ಆ 14ನ್ನು 24 ಎಂದುಕೊಂಡು ಚೆಂಡನ್ನು ಹೊರತಂದು ಸೆಟ್ ಕರೆಯುವ ಗಾರ್ಡ್‌ಗಳು ಬಹಳ. ಎರಡು ಪಾಸ್ ಆಗುವಷ್ಟರಲ್ಲಿ 5 ಉಳಿದಿರುತ್ತದೆ.

ಕೊನೆಯ 2 ನಿಮಿಷದಲ್ಲಿ ನಿಮ್ಮ ಅರ್ಧಭಾಗದಲ್ಲಿ ಚೆಂಡು ನಿಮಗೆ ಸಿಗುವುದಿದ್ದು ಟೈಂಔಟ್ ಕೇಳಿದರೆ, ಚೆಂಡನ್ನು ಎದುರಾಳಿಯ ಅರ್ಧಭಾಗದಿಂದ ಒಳಗೆ ಹಾಕುವ ಆಯ್ಕೆ ಕೋಚ್‌ಗೆ ಇದೆ. ಆದರೆ ಆಗ 24 ಸಿಗದು, ಹೆಚ್ಚೆಂದರೆ 14. ಮೂರು ಅಂಕ ಹಿಂದಿದ್ದು 20 ಸೆಕೆಂಡ್ ಉಳಿದಿದ್ದರೆ ಮುಂದೆ ತನ್ನಿ. ಒಂದು ಅಂಕ ಮುಂದಿದ್ದು ಗಡಿಯಾರ ಓಡಿಸಬೇಕಿದ್ದರೆ ಹಿಂದಿನಿಂದಲೇ ಹಾಕಿ. ಇದನ್ನು ಟೈಂಔಟ್‌ನೊಳಗೆ ಕೂತು ಯೋಚಿಸಲು ಸಮಯ ಇರುವುದಿಲ್ಲ, ಮೊದಲೇ ತೀರ್ಮಾನ ಆಗಿರಬೇಕು.

ಮಂಡ್ಯ_ಫಾಸ್ಟ್‌ಬ್ರೇಕ್

ಮೂರು ಪಾಯಿಂಟಿನ ಗೆರೆಯ ಕಥೆ ಈ ಟೂರ್ನಿಯಲ್ಲಿ ಸ್ವಾರಸ್ಯವಾಗಿದೆ. 1979 ಮತ್ತು 1983ರಲ್ಲಿ ಗೆರೆಯೇ ಇರಲಿಲ್ಲ, ಫೀಬಾ ಅದನ್ನು ತಂದದ್ದು 1984ರಲ್ಲಿ. ಹಾಗಾಗಿ ಆ ಗೆರೆ ಇದ್ದ ಮೊದಲ ಆವೃತ್ತಿ 1987ರಲ್ಲಿ ಇಟಲಿಯ ಬೊರ್ಮಿಯೊದ್ದು. ಅಲ್ಲಿ ಯುಗೊಸ್ಲಾವಿಯಾದ ಟೋನಿ ಕುಕೊಚ್ ಅಮೆರಿಕದ ಮೇಲೆ ಗುಂಪಿನ ಪಂದ್ಯದಲ್ಲಿ 12 ಎಸೆದು 11 ಒಳಗೆ ಹಾಕಿದ. ಅಷ್ಟು ಎತ್ತರದ ಹುಡುಗ ಹೊರಗಿನಿಂದ ಹಾಗೆ ಹೊಡೆಯುವುದಕ್ಕೆ ಎದುರಾಳಿಗಳ ಹತ್ತಿರ ಉತ್ತರವೇ ಇರಲಿಲ್ಲ. ಅದೇ ತಂಡದಲ್ಲಿ ವ್ಲಾಡೆ ದಿವಾಚ್, ದಿನೊ ರಾಜಾ ಇದ್ದರು. ಫೈನಲ್‌ನಲ್ಲೂ ಅದೇ ಅಮೆರಿಕವನ್ನು ಸೋಲಿಸಿದರು.

ಆಗ ದೂರ 6.25 ಮೀಟರ್. 2010ರಲ್ಲಿ 6.75 ಆಯಿತು. ಈಗಿನ ಕೆಲಸದ ಮಾತು: ನಮ್ಮ ಎಷ್ಟೋ ಶಾಲೆ-ಕಾಲೇಜುಗಳ ಸಿಮೆಂಟು ಅಂಗಳದಲ್ಲಿ ಗೆರೆ ಯಾವ ಕಾಲದ್ದು ಎಂದು ಯಾರೂ ಅಳೆದಿರುವುದಿಲ್ಲ. ಅರ್ಧ ಮೀಟರ್ ಹತ್ತಿರದಿಂದ ಸಾವಿರ ಸಲ ಹೊಡೆದ ಕೈ ದೊಡ್ಡ ಕಣದಲ್ಲಿ ರಿಂಗ್ ಮುಟ್ಟಿಸದು.

ಕ್ಲಿಪ್‌ಬೋರ್ಡ್

ಅಳೆಯುವ ಕ್ರಮ ಬರೆಯುತ್ತೇನೆ, ಇಬ್ಬರು ಹುಡುಗರು ಒಂದು ಗಂಟೆಯಲ್ಲಿ ಮುಗಿಸಬಹುದು.

ಗಾರೆ ಕೆಲಸದವರ ತೂಕದ ಗುಂಡನ್ನು ರಿಂಗಿನ ನಟ್ಟನಡುವಿನಿಂದ ಇಳಿಬಿಡಿ, ಅದು ನೆಲಕ್ಕೆ ತಾಗುವಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತಿನಿಂದ ಕೊನೆಗೆರೆಯ ಒಳ ಅಂಚಿಗೆ 1.575 ಮೀಟರ್ ಇರಬೇಕು. ಇಲ್ಲದಿದ್ದರೆ ಕಂಬವೇ ತಪ್ಪು ಜಾಗದಲ್ಲಿದೆ ಅಥವಾ ಕೊನೆಗೆರೆ ಸರಿದಿದೆ, ಮುಂದಿನ ಎಲ್ಲ ಅಳತೆಯೂ ಅದೇ ತಪ್ಪನ್ನು ಹೊತ್ತುಕೊಂಡು ಹೋಗುತ್ತದೆ. ಗುರುತಿಗೆ ಮೊಳೆ ಹಿಡಿದು 6.75 ಮೀಟರ್ ಹಗ್ಗ ತಿರುಗಿಸಿ. ಎಳೆದರೆ ಉದ್ದವಾಗುವ ನೈಲಾನ್ ಹಗ್ಗ ಬೇಡ, ಉಕ್ಕಿನ ಟೇಪ್ ಒಳ್ಳೆಯದು. 6.75 ಎನ್ನುವುದು ಗೆರೆಯ ಹೊರ ಅಂಚಿಗೆ. ಗೆರೆಯ ದಪ್ಪ 5 ಸೆಂಟಿಮೀಟರ್ ಒಳಕ್ಕೆ ಬರಬೇಕು.

ಮೂಲೆಯಲ್ಲಿ ಕಮಾನು ಮುಂದುವರಿಯುವುದಿಲ್ಲ, ಪಕ್ಕದ ಗೆರೆಗೆ ಸಮಾನಾಂತರವಾಗಿ ನೇರ ಹೋಗುತ್ತದೆ. ಪಕ್ಕದ ಗೆರೆಯ ಒಳ ಅಂಚಿನಿಂದ 0.90 ಮೀಟರ್. ಕಮಾನು ಮತ್ತು ನೇರ ಗೆರೆ ಸೇರುವ ಜಾಗ ಕೊನೆಗೆರೆಯಿಂದ 2.99 ಮೀಟರ್. ನಿಮ್ಮ ಅಳತೆ ಅಲ್ಲಿ ಕೂಡಿದರೆ ಉಳಿದದ್ದೆಲ್ಲ ಸರಿ ಇದೆ ಎಂದರ್ಥ. ಫ್ರೀ ಥ್ರೋ ಗೆರೆಯ ದೂರದ ಅಂಚು ಕೊನೆಗೆರೆಯಿಂದ 5.80 ಮೀಟರ್, ಬೋರ್ಡಿನ ಮುಖದಿಂದ 4.60. ಬುಟ್ಟಿ ಕೆಳಗಿನ ಆಯತದ ಅಗಲ 4.90. ಅದು ಇನ್ನೂ ಹಳೆಯ ಕಾಲದ ಹಾಗೆ ಕೆಳಗೆ ಅಗಲ, ಮೇಲೆ ಕಿರಿದಾಗಿದ್ದರೆ ಮೂರು ಪಾಯಿಂಟಿನ ಗೆರೆಯೂ ಹಳೆಯದೇ ಇರುತ್ತದೆ.

ಮೂಲೆಯ ಆ 90 ಸೆಂಟಿಮೀಟರ್ ಬಗ್ಗೆ ಒಂದು ಮಾತು. ಹೊಡೆಯುವವನು ಪಾಸ್ ಬರುವಾಗ ಹಿಮ್ಮಡಿ ಹಿಂದಕ್ಕಿಟ್ಟರೆ ಹೊರಗೆರೆ ಮುಟ್ಟುತ್ತಾನೆ, ಮುಂದಕ್ಕಿಟ್ಟರೆ ಎರಡು ಪಾಯಿಂಟ್. ಹಾಗಾಗಿ ಮೂಲೆಯಲ್ಲಿ ನಿಲ್ಲುವವನು ಚೆಂಡು ಬರುವ ಮೊದಲೇ ಪಾದ ಊರಿರಬೇಕು, ಪಾಸ್ ಅವನ ಎದೆಗೇ ಬರಬೇಕು. ಮೊಣಕಾಲಿಗೆ ಬಂದರೆ ಬಗ್ಗುವಾಗ ಪಾದ ಸರಿಯುತ್ತದೆ.

ಮಲ್ಲೇಶ್ವರಂ_ಪಾಯಿಂಟ್‌ಗಾರ್ಡ್

ತುಂಬ ಉಪಕಾರ ಆಯ್ತು ಸರ್. ಇನ್ನು ಭಾರತದ ಹುಡುಗರಿಗೆ ದಾರಿ ಯಾವುದು? ನೇರವಾಗಿ ಅರ್ಜಿ ಹಾಕುವ ಟೂರ್ನಿ ಅಲ್ಲವಲ್ಲ.

ಮಂಡ್ಯ_ಫಾಸ್ಟ್‌ಬ್ರೇಕ್

16 ಸ್ಥಾನ ಹಂಚಿಕೆ ಹೀಗಿದೆ: ಆತಿಥೇಯ ದೇಶ 1, ಯುರೋಪ್ 5, ಅಮೆರಿಕ ಖಂಡಗಳು 4, ಏಷ್ಯಾ ಮತ್ತು ಓಷಿಯಾನಿಯಾ ಸೇರಿ 4, ಆಫ್ರಿಕಾ 2. ಹಿಂದಿನ ವರ್ಷ ನಡೆಯುವ 18 ವಯೋಮಿತಿಯ ಖಂಡ ಮಟ್ಟದ ಟೂರ್ನಿಯಿಂದ ಆಯ್ಕೆ. ಭಾರತಕ್ಕೆ ಮೊದಲ ಮೆಟ್ಟಿಲು ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್ ಇರುವ ದಕ್ಷಿಣ ಏಷ್ಯಾ ವಲಯದ ಅರ್ಹತಾ ಪಂದ್ಯಗಳು. ಆಮೇಲೆ 18 ವಯೋಮಿತಿ ಏಷ್ಯಾ ಕಪ್. ಅಲ್ಲಿ ಮೊದಲ ನಾಲ್ಕು.

ಮೊದಲ ನಾಲ್ಕು ಎಂದರೆ ಸೆಮಿಫೈನಲ್ ತಲುಪುವುದು. ಅಂದರೆ ವಿಶ್ವಕಪ್ ಟಿಕೆಟ್ ಇರುವುದು ಒಂದೇ ಪಂದ್ಯದಲ್ಲಿ, ಕ್ವಾರ್ಟರ್ ಫೈನಲ್‌ನಲ್ಲಿ. ಏಷ್ಯಾ ಕಪ್‌ನಲ್ಲಿ ಸಾಮಾನ್ಯವಾಗಿ ಗುಂಪಿನ ಮೊದಲ ಸ್ಥಾನದವರು ನೇರವಾಗಿ ಎಂಟರ ಘಟ್ಟಕ್ಕೆ ಹೋಗುತ್ತಾರೆ, ಎರಡು-ಮೂರನೇ ಸ್ಥಾನದವರು ನಡುವೆ ಇನ್ನೊಂದು ಪಂದ್ಯ ಆಡಿ ಬರಬೇಕು. ಆ ಹೆಚ್ಚುವರಿ 40 ನಿಮಿಷ ಆಡಿ ಮರುದಿನವೋ ಅದರ ಮರುದಿನವೋ ವಿಶ್ರಾಂತಿ ಪಡೆದ ಚೀನಾವನ್ನೋ ಆಸ್ಟ್ರೇಲಿಯಾವನ್ನೋ ಎದುರಿಸುವುದು ಎಂದರೆ ಏನೆಂದು ಮೇಲಿನ ನಿಮಿಷಗಳ ಲೆಕ್ಕ ನೋಡಿದವರಿಗೆ ಅರ್ಥವಾಗುತ್ತದೆ.

2018ರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡ ಇದೇ ಏಷ್ಯಾ ಟೂರ್ನಿಗೆ ಬರುತ್ತಿವೆ. 2025ರ ವಿಶ್ವಕಪ್‌ಗೆ ನಮ್ಮ ಭಾಗದಿಂದ ಹೋದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಚೀನಾ, ಜೋರ್ಡಾನ್. ನ್ಯೂಜಿಲೆಂಡ್ ಲೊಸಾನ್‌ನಲ್ಲಿ ಸೆಮಿಫೈನಲ್ ತಲುಪಿತು. ಅದಕ್ಕೂ ಮೊದಲು 2022ರಲ್ಲಿ ಟೆಹ್ರಾನ್‌ನಲ್ಲಿ ನಡೆದ ಏಷ್ಯಾ ಟೂರ್ನಿಯಲ್ಲಿ ಮಾತ್ರ ಆ ಎರಡು ದೇಶ ಇರಲಿಲ್ಲ. ದಕ್ಷಿಣ ಕೊರಿಯಾ, ಜಪಾನ್, ಚೀನಾ, ಲೆಬನಾನ್ ಹೋದವು. ಬಾಗಿಲು ಅಗಲವಾಗಿ ತೆರೆದಿದ್ದದ್ದು ಆಗ.

ಹುಬ್ಬಳ್ಳಿ_ಬೋರ್ಡರ್

ಎತ್ತರ ಇಲ್ಲ ಅಂತ ಸಬೂಬು ಹೇಳೋರಿಗೆ ಜಪಾನ್ ತೋರಸ್ರಿ. 2023ರಾಗ ಹಂಗರಿಯ ಡೆಬ್ರೆಸೆನ್‌ನ್ಯಾಗ ಎಂಟರ ಘಟ್ಟಕ್ಕ ಬಂದ್ರು. ಚೆಂಡು ಕೈಯಾಗ ನಿಲ್ಲಂಗಿಲ್ಲ, ಪಾಸ್ ಸಿಕ್ಕ ಕೂಡ್ಲೇ ಹೊಡಿತ ಇಲ್ಲಾ ನುಗ್ಗೋದು ಇಲ್ಲಾ ಮುಂದಿನ ಪಾಸ್, ಮೂರರಾಗ ಒಂದು.

ಕ್ಲಿಪ್‌ಬೋರ್ಡ್

ಎತ್ತರಕ್ಕೂ ಬೆಲೆ ಇದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಫೀಬಾದಲ್ಲಿ ಡಿಫೆನ್ಸ್ ಮಾಡುವವನಿಗೆ ಮೂರು ಸೆಕೆಂಡಿನ ಮಿತಿ ಇಲ್ಲ. ಎನ್‌ಬಿಎಯಲ್ಲಿ ಇದೆ. ಇಲ್ಲಿ 7 ಅಡಿಯ ಹುಡುಗ ಬುಟ್ಟಿ ಕೆಳಗೆ 24 ಸೆಕೆಂಡೂ ನಿಂತಿರಬಹುದು. ಅವನನ್ನು ಅಲ್ಲಿಂದ ಎಬ್ಬಿಸುವುದು ಕಲಿಯದ ತಂಡ ಎಷ್ಟು ಚುರುಕಾಗಿದ್ದರೂ 55–60 ಅಂಕಕ್ಕೆ ನಿಂತುಬಿಡುತ್ತದೆ.

2-3 ಜೋನ್ (ಮುಂದೆ ಇಬ್ಬರು, ಬುಟ್ಟಿ ಹತ್ತಿರ ಮೂವರು ಕಾಯುವುದು) ಎದುರಿಗೆ ಬಂದಾಗ ಕಾಣುವ ತಪ್ಪು ಒಂದೇ ಥರ. ಗಾರ್ಡ್ ಮೇಲ್ಭಾಗದಲ್ಲಿ ಚೆಂಡು ಕುಟ್ಟುತ್ತ ನಿಲ್ಲುತ್ತಾನೆ, ಉಳಿದ ನಾಲ್ವರು ಗೆರೆಯ ಸುತ್ತ ನಿಂತು ನೋಡುತ್ತಾರೆ, ಗಡಿಯಾರ 9 ತೋರಿಸಿದಾಗ ಗಾಬರಿಯಾಗಿ ಕಷ್ಟದ ಹೊಡೆತ. ಬದಲಿಗೆ 5 ಸೆಕೆಂಡಿನೊಳಗೆ ಅರ್ಧಗೆರೆ ದಾಟಿ, 18–19 ಉಳಿದಿರುವಾಗ ಮೊದಲ ಪಾಸ್ ಫ್ರೀ ಥ್ರೋ ಗೆರೆಯ ನಡುವಿಗೆ ಹೋಗಬೇಕು. ಅಲ್ಲಿ ನಿಲ್ಲಬೇಕಾದವನು ಅತಿ ಎತ್ತರದವನಲ್ಲ, ತಂಡದಲ್ಲಿ ಎರಡನೇ ಒಳ್ಳೆಯ ಪಾಸರ್. ಚೆಂಡು ಹಿಡಿದ ಕೂಡಲೇ ಅವನು ಬುಟ್ಟಿ ಕಡೆ ತಿರುಗಬೇಕು. ತಿರುಗಿದರೆ ಜೋನಿನ ನಡುವಿನ ದೊಡ್ಡ ಹುಡುಗ ಮುಂದೆ ಬರಲೇಬೇಕು. ಬಂದರೆ ಕೊನೆಗೆರೆಯ ಹತ್ತಿರ, ಆಯತದ ಹೊರಗೆ ಅಡಗಿ ನಿಂತ ಫಾರ್ವರ್ಡ್‌ಗೆ ಪಾಸ್. ಬಾರದಿದ್ದರೆ ಅಲ್ಲಿಂದಲೇ 4 ಮೀಟರ್ ಹೊಡೆತ. ಕೆಳಗಿನ ಪಕ್ಕದವನು ಒಳಗೆ ಸರಿದರೆ ಎದುರು ಮೂಲೆಗೆ ಉದ್ದನೆ ಪಾಸ್.

ಇದು ಕೆಡುವುದು ಆ ಉದ್ದನೆ ಪಾಸಿನಲ್ಲಿ. ಕಮಾನಾಗಿ ಎತ್ತಿ ಹಾಕಿದರೆ ಡಿಫೆನ್ಸ್ ಓಡಿ ತಲುಪುತ್ತದೆ. ಕಿವಿಯ ಮಟ್ಟದಿಂದ ಎರಡೂ ಕೈಯಿಂದ ಚಪ್ಪಟೆಯಾಗಿ ಹೋಗಬೇಕು. ದಿನಕ್ಕೆ 40 ಸಲ, ಮಧ್ಯೆ ಒಬ್ಬನನ್ನು ಕೈ ಎತ್ತಿ ನಿಲ್ಲಿಸಿ ಮಾಡಿಸಿ. ಆರು ವಾರದಲ್ಲಿ ಬದಲಾವಣೆ ಕಾಣುತ್ತದೆ.

ಟೊರೊಂಟೊ_ಕನ್ನಡಿಗ

ವಿದೇಶದಲ್ಲಿರುವ ಕನ್ನಡದ ತಂದೆತಾಯಿ ಇದನ್ನು ಓದುತ್ತಿದ್ದರೆ ಒಂದು ಸ್ಪಷ್ಟನೆ. ಒಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರಿಗೆ ಕೊಡುವುದು) ಇದ್ದರೆ ಮಗ ಭಾರತಕ್ಕೆ ಆಡಬಹುದು ಎಂಬುದು ತಪ್ಪು ತಿಳುವಳಿಕೆ. ಫೀಬಾ ಕೇಳುವುದು ಆ ದೇಶದ ಪಾಸ್‌ಪೋರ್ಟ್. ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲದ್ದರಿಂದ ಕೆನಡಾ ಅಥವಾ ಅಮೆರಿಕದ ಪಾಸ್‌ಪೋರ್ಟ್ ಇರುವ ಹುಡುಗನಿಗೆ ಭಾರತದ ದಾರಿ ಇಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರಗೆ ಓದುತ್ತಿರುವವನಿಗೆ ಇದೆ. ಇನ್ನೊಂದು: 17 ತುಂಬಿದ ಮೇಲೆ ಒಂದು ದೇಶದ ಪರ ಫೀಬಾದ ಮುಖ್ಯ ಟೂರ್ನಿಯಲ್ಲಿ ಆಡಿದರೆ ಆಮೇಲೆ ದೇಶ ಬದಲಿಸುವುದು ಬಹಳ ಕಷ್ಟ. 16 ದಾಟಿದ ಮೇಲೆ ಹೊಸ ಪೌರತ್ವ ಪಡೆದವರು ತಂಡಕ್ಕೆ ಒಬ್ಬರೇ ಇರಬಹುದು.

ಸ್ಕೋರ್‌ಟೇಬಲ್_ಬುಕ್

ವಯಸ್ಸಿನ ಮಿತಿ ಲೆಕ್ಕ ಹಾಕುವುದು ಟೂರ್ನಿಯ ದಿನದಿಂದಲ್ಲ, ಜನವರಿ 1ರಿಂದ. 2025ರ ಟೂರ್ನಿಗೆ 2006 ಜನವರಿ 1 ಅಥವಾ ಆಮೇಲೆ ಹುಟ್ಟಿದವರು. 2027ಕ್ಕೆ 2008 ಜನವರಿ 1. ಹಿಂದಿನ ವರ್ಷದ 18 ವಯೋಮಿತಿ ಏಷ್ಯಾ ಕಪ್‌ಗೂ ಇದೇ ದಿನಾಂಕ, ಆದ್ದರಿಂದ ಅರ್ಹತೆ ಗಳಿಸಿಕೊಟ್ಟ ಹುಡುಗರೇ ವಿಶ್ವಕಪ್‌ಗೂ ಹೋಗಬಹುದು. 2007 ಡಿಸೆಂಬರ್ 31ಕ್ಕೆ ಹುಟ್ಟಿದವನಿಗೂ ಮರುದಿನ ಹುಟ್ಟಿದವನಿಗೂ ಎರಡು ವರ್ಷದ ವ್ಯತ್ಯಾಸ ಬೀಳುತ್ತದೆ, ಏಕೆಂದರೆ ಮೊದಲನೆಯವನ ಕೊನೆಯ ಅವಕಾಶ ಹಿಂದಿನ ಆವೃತ್ತಿಯದು.

ಮಲ್ಲೇಶ್ವರಂ_ಪಾಯಿಂಟ್‌ಗಾರ್ಡ್

ಜನನ ಪ್ರಮಾಣಪತ್ರದಲ್ಲಿ ಒಂದು ದಿನ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ದಿನ ಇದ್ದರೆ?

ಸ್ಕೋರ್‌ಟೇಬಲ್_ಬುಕ್

ಆಯ್ಕೆ ಶಿಬಿರಕ್ಕೆ ಮೊದಲೇ ಸರಿ ಮಾಡಿಸಿ, ಶಿಬಿರದ ಹೊತ್ತಿಗೆ ಸಾಲದು. ಪಾಸ್‌ಪೋರ್ಟಿನಲ್ಲಿ ಬರುವ ದಿನವೇ ಫೀಬಾಕ್ಕೆ ಲೆಕ್ಕ. ಪಾಸ್‌ಪೋರ್ಟ್ ಮಾಡಿಸುವಾಗ ಜನನ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗೂ ಹೊಂದಿಕೆ ಇಲ್ಲದಿದ್ದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಹತ್ತನೇ ತರಗತಿ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲು ಶಾಲೆಯಲ್ಲಿ ತಿದ್ದಿಸುವುದು ಸುಲಭ, ಅಂಕಪಟ್ಟಿ ಅಚ್ಚಾದ ಮೇಲೆ ಬಹಳ ಓಡಾಟ. ಹೆಸರಿನ ಇನಿಶಿಯಲ್ ಕೂಡ ಎರಡೂ ಕಡೆ ಒಂದೇ ಥರ ಬಿಡಿಸಿ ಬರೆಸಿ.

ಹುಬ್ಬಳ್ಳಿ_ಬೋರ್ಡರ್

ಕ್ಲಿಪ್‌ಬೋರ್ಡ್ ಸರ್, ಆ ಉದ್ದನೆ ಪಾಸ್ ಸಿಮೆಂಟ್ ಅಂಗಳದಾಗ ರಬ್ಬರ್ ಚೆಂಡಿನಿಂದ ಮಾಡಸ್ಬಹುದೋ, ಇಲ್ಲಾ ಲೆದರ್ ಚೆಂಡೇ ಬೇಕೋ?

ಕ್ಲಿಪ್‌ಬೋರ್ಡ್

ಪಾಸ್‌ಗೆ ರಬ್ಬರ್ ಸಾಕು, ಸೈಜ್ 7 ಆಗಿದ್ದರೆ ಆಯ್ತು. ಹೊಡೆತಕ್ಕೆ ಮಾತ್ರ ವಾರಕ್ಕೆ ಎರಡು ದಿನವಾದರೂ ಪಂದ್ಯದ ಚೆಂಡು ಕೊಡಿ, ಬೆರಳಿಗೆ ಹಿಡಿತ ಬೇರೆ. ಲೆದರ್ ಚೆಂಡನ್ನು ಸಿಮೆಂಟಿನ ಮೇಲೆ ಕುಟ್ಟಬೇಡಿ, ಎರಡು ತಿಂಗಳಲ್ಲಿ ಮೇಲ್ಮೈ ಸವೆದು ಜಾರುತ್ತದೆ. ಹೊಡೆದ ಚೆಂಡನ್ನು ಕೆಳಗೆ ಬೀಳುವ ಮೊದಲೇ ಹಿಡಿಯಲು ಬುಟ್ಟಿ ಕೆಳಗೆ ಒಬ್ಬನನ್ನು ನಿಲ್ಲಿಸಿ.